ಮಲಾವಿಯ ಮಕ್ಕಳಿಗೆ ರದ್ದಿ ಬೇಡ: ಉತ್ತರ ಕನ್ನಡದ ಮನೆಮನೆಗೆ ಒಂದು ಬಹಿರಂಗ ಪತ್ರ

ಕಾರವಾರದಿಂದ ಭಟ್ಕಳದವರೆಗೆ ಕಡಲ ಬದಿಯಲ್ಲಿಯೂ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾಗಳಲ್ಲಿ ಘಟ್ಟದ ಮೇಲೆಯೂ ಇರುವ ಎಲ್ಲ ಮನೆಗಳ ಹಿರಿಯರಿಗೆ, ಶಿಕ್ಷಕರಿಗೆ ಮತ್ತು ನನ್ನ ಓರಗೆಯ ವಿದ್ಯಾರ್ಥಿಗಳಿಗೆ,

ನಮಸ್ಕಾರಗಳು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ನಾವು ಕೆಲವು ವಿದ್ಯಾರ್ಥಿಗಳು ನಿಮ್ಮ ಅಂಗಳಕ್ಕೆ ಬಂದಿದ್ದೆವು. ಆಫ್ರಿಕದ ಮಲಾವಿ ದೇಶದ ಒಂದು ಶಾಲೆಗೆ ಪುಸ್ತಕ ಕಳುಹಿಸುತ್ತಿದ್ದೇವೆ, ಮನೆಯಲ್ಲಿ ಹಳೆಯ ಪುಸ್ತಕಗಳಿದ್ದರೆ ಕೊಡಿ ಎಂದು ಕೇಳಿದ್ದೆವು. ನೀವು ಒಬ್ಬರೂ ಇಲ್ಲ ಎನ್ನಲಿಲ್ಲ. ಜಗಲಿಯಲ್ಲಿ ಕೂರಿಸಿ ಪಾನಕ ಕೊಟ್ಟಿರಿ, ಏಣಿ ಹಾಕಿ ಅಟ್ಟ ಹತ್ತಿದಿರಿ, ನಾಗಂದಿಗೆಯ ಮೇಲಿನ ಕಟ್ಟುಗಳನ್ನು ಇಳಿಸಿದಿರಿ. ಶಿರಸಿಯ ಕಡೆಯಿಂದ ಅಡಿಕೆ ಚೀಲಗಳಲ್ಲಿ, ಕರಾವಳಿಯಿಂದ ಸಿಮೆಂಟ್ ಚೀಲಗಳಲ್ಲಿ ಪುಸ್ತಕಗಳು ಬಂದು ನಮಗೆ ಬಿಟ್ಟುಕೊಟ್ಟಿದ್ದ ಕೋಣೆಯ ಕಿಟಕಿಯವರೆಗೆ ತುಂಬಿದವು. ಆ ಸಂಜೆ ನಾವು ಎಷ್ಟು ಸಂತೋಷಪಟ್ಟೆವು ಎಂದು ಹೇಳಲಾರೆ.

ಮರುದಿನ ಚೀಲಗಳನ್ನು ಬಿಚ್ಚಿದೆವು.

ಪಠ್ಯಕ್ರಮ ಬದಲಾಗಿ ಎಷ್ಟೋ ವರ್ಷವಾದ ಗೈಡುಗಳು ಬಂದಿದ್ದವು. ಬ್ಯಾಂಕ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ವಿಮಾ ಕಂಪನಿಯವರು ಕೊಟ್ಟ ಡೈರಿಗಳು, ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕುಗಳು, ಪಂಚಾಂಗಗಳು, ಒಂದು ಚೀಲದ ತಳದಲ್ಲಿ ಮದುವೆಯ ಕರೆಯೋಲೆಗಳು. ಗೆದ್ದಲು ಹಿಡಿದು ಹಾಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ವಿಶ್ವಕೋಶದ ಸಂಪುಟಗಳು. ಒಳ್ಳೆಯ ಕನ್ನಡ ಕಾದಂಬರಿಗಳೂ ಬಹಳ ಇದ್ದವು, ಆದರೆ ಬ್ಲಾಂಟೈರ್ ನಗರದ ಅಂಚಿನ ಶಾಲೆಯ ಮಗು ಅವುಗಳನ್ನು ಹೇಗೆ ಓದೀತು? ಹತ್ತು ಪುಸ್ತಕ ತೆಗೆದರೆ ಕಳುಹಿಸಲು ಯೋಗ್ಯವಾದವು ಎರಡು ಸಿಗುತ್ತಿದ್ದವು. ಉಳಿದುದರಲ್ಲಿ ಕನ್ನಡದವನ್ನು ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ ಹಂಚಿದೆವು. ಬಾಕಿಯದನ್ನು ನಾವೇ ರದ್ದಿ ಅಂಗಡಿಗೆ ಹೊತ್ತು ಹಾಕಿದೆವು. ನಿಮ್ಮ ಕೈಯಿಂದ ಪ್ರೀತಿಯಿಂದ ಪಡೆದದ್ದನ್ನು ತಕ್ಕಡಿಗೆ ಏರಿಸುವಾಗ ನನ್ನ ಜೊತೆಗಾರ್ತಿಯೊಬ್ಬಳು ಅತ್ತಳು.

ತಪ್ಪು ನಿಮ್ಮದಲ್ಲ. ನಾವು ‘ಹಳೆಯ ಪುಸ್ತಕ’ ಎಂದು ಕೇಳಿದ್ದೆವು, ನೀವು ಹಳೆಯದನ್ನೇ ಕೊಟ್ಟಿರಿ. ಏನು ಬೇಕು, ಯಾರಿಗೆ ಬೇಕು ಎಂಬುದನ್ನು ನಾವೇ ಸರಿಯಾಗಿ ತಿಳಿದುಕೊಂಡಿರಲಿಲ್ಲ, ನಿಮಗೆ ಹೇಳಿರಲಿಲ್ಲ. ಈ ಸಲ ಬಾಗಿಲಿಗೆ ಬರುವ ಮೊದಲೇ ಎಲ್ಲವನ್ನೂ ಬರೆದು ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ತಂಡದ ಬೇರೆ ಯಾರಾದರೂ ಇದನ್ನು ಬರೆಯಬಹುದಿತ್ತು. ನಾನೇ ಬರೆಯುತ್ತೇನೆಂದು ಕೇಳಿ ಪಡೆದುಕೊಂಡೆ, ಏಕೆಂದರೆ ಹೀಗೆ ಹಂಚಿದ ಪುಸ್ತಕಗಳನ್ನು ಎರಡೂ ಕೈಯೊಡ್ಡಿ ಪಡೆದವಳು ನಾನು.

ನಮ್ಮ ಮನೆ ಅಂಕೋಲಾ ತಾಲ್ಲೂಕಿನಲ್ಲಿ, ಗಂಗಾವಳಿಯ ದಂಡೆಯ ಮೇಲಿದೆ. 2019ರ ಆಗಸ್ಟ್‌ನಲ್ಲಿ ನಾನು ಎಂಟನೆಯ ತರಗತಿ. ಆ ವಾರ ಸುರಿದ ಮಳೆಯನ್ನು ನೀವು ಯಾರೂ ಮರೆತಿರಲಿಕ್ಕಿಲ್ಲ. ಕಾಳಿಯ ದಂಡೆಯವರು ಕದ್ರಾ ಅಣೆಕಟ್ಟಿನ ಕೆಳಗೆ ಮನೆ ಬಿಟ್ಟು ಓಡಿದ ವಾರವೇ ನಾವೂ ರಾತ್ರೋರಾತ್ರಿ ಎತ್ತರದ ಜಾಗಕ್ಕೆ ಹೋದೆವು. ನಾಲ್ಕನೆಯ ದಿನ ಹಿಂದಿರುಗಿದಾಗ ಗೋಡೆಯ ಮೇಲೆ ನನ್ನ ತಲೆಗಿಂತ ಎತ್ತರದಲ್ಲಿ ಕೆಸರಿನ ಗೆರೆ ಇತ್ತು. ಅಮ್ಮ ಅಕ್ಕಿಯ ಡಬ್ಬಗಳನ್ನು ನೋಡಿದಳು, ಅಪ್ಪ ಕೊಟ್ಟಿಗೆಗೆ ಹೋದ. ನಾನು ಪಾಟೀಚೀಲ ಹುಡುಕಿದೆ. ಅದು ಬಾಗಿಲ ಹಿಂದೆ ಸಿಕ್ಕಿಕೊಂಡಿತ್ತು. ಒಳಗಿದ್ದ ಪುಸ್ತಕಗಳು ಹಿಟ್ಟಿನ ಮುದ್ದೆಯಂತಾಗಿದ್ದವು. ವಿಜ್ಞಾನದ ಪುಸ್ತಕವನ್ನು ಬಿಡಿಸಲು ಹೋದರೆ ಹಾಳೆ ಬೆರಳಿಗೆ ಅಂಟಿಕೊಂಡು ಬಂತು.

ಸರಕಾರದ ಪಠ್ಯಪುಸ್ತಕಗಳು ಕೆಲವೇ ವಾರಗಳಲ್ಲಿ ಮತ್ತೆ ಸಿಕ್ಕವು. ಅದಕ್ಕೂ ಮೊದಲೇ ಘಟ್ಟದ ಮೇಲಿನಿಂದ ಲಾರಿಗಳಲ್ಲಿ ನೆರವು ಬರತೊಡಗಿತ್ತು. ಕಂಬಳಿ, ಚಾಪೆ, ಅಕ್ಕಿ, ಪಾತ್ರೆಗಳ ಜೊತೆ ಪುಸ್ತಕದ ಪೆಟ್ಟಿಗೆಗಳೂ ಇದ್ದವು. ಶಾಲೆಯ ವರಾಂಡದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಹಂಚಿದರು. ನನಗೆ ಮೊದಲು ಸಿಕ್ಕಿದ್ದು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ದಪ್ಪ ಪುಸ್ತಕ, ಉತ್ತರಗಳಿಗೆಲ್ಲ ಪೆನ್ನಿನಿಂದ ಗುರುತು ಹಾಕಿ ಮುಗಿಸಿದ್ದು. ನನ್ನ ಪಕ್ಕದವಳಿಗೆ ಹಿಂದಿನ ವರ್ಷದ ಡೈರಿ. ನಾವು ಕೈ ಮುಗಿದು ತೆಗೆದುಕೊಂಡೆವು. ಫೋಟೊ ತೆಗೆದರು. ಮನೆಗೆ ಹೋಗುವ ದಾರಿಯಲ್ಲಿ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ಅದು ಸಿಟ್ಟಲ್ಲ, ನಾಚಿಕೆ. ನಮ್ಮ ಪಾಲಿಗೆ ಇದು ಸಾಕು ಎಂದು ಯಾರೋ ಅಂದುಕೊಂಡಿದ್ದಾರೆ ಎಂಬ ಭಾವ ಹದಿಮೂರು ವರ್ಷದ ಮಗುವಿಗೂ ತಿಳಿಯುತ್ತದೆ.

ಎರಡು ದಿನ ಕಳೆದು ನಮ್ಮ ಕನ್ನಡ ಅಕ್ಕೋರು ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಇನ್ನೊಂದು ಪುಸ್ತಕವನ್ನು ನನ್ನನ್ನು ಕರೆದು ಕೊಟ್ಟರು. ಅದೊಂದು ಇಂಗ್ಲಿಷ್–ಕನ್ನಡ ನಿಘಂಟು. ಹೊದಿಕೆಗೆ ಖಾಕಿ ಕಾಗದ ಹಾಕಿ, ಮೂಲೆಗಳನ್ನು ಅಚ್ಚುಕಟ್ಟಾಗಿ ಮಡಿಸಿದ್ದರು. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ಒಬ್ಬ ಹುಡುಗಿಯ ಹೆಸರು, ಅದರ ಕೆಳಗೆ ‘ಎಂಟನೆಯ ತರಗತಿ, ಧಾರವಾಡ’ ಎಂದಿತ್ತು. ಅವಳೂ ಎಂಟನೆಯ ತರಗತಿಯವಳು! ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ, ಘಟ್ಟ ಇಳಿದು ನಮ್ಮಲ್ಲಿಗೆ ಬರುವಾಗ ಗಂಗಾವಳಿಯಾಗುತ್ತದೆ. ನನ್ನ ಪುಸ್ತಕಗಳನ್ನು ಕೊಚ್ಚಿದ ನೀರು ಬಂದ ದಿಕ್ಕಿನಿಂದಲೇ ಈ ನಿಘಂಟೂ ಬಂದಿತ್ತು. ಅವಳು ಇನ್ನೂ ಬಳಸುತ್ತಿದ್ದ ಪುಸ್ತಕ ಅದು ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಬೇಡವಾದದ್ದನ್ನು ಕೊಟ್ಟವಳಲ್ಲ ಅವಳು. ಪಿಯುಸಿಯಲ್ಲಿ, ಈಗ ಪದವಿಯಲ್ಲಿ, ಕನ್ನಡ ಮಾಧ್ಯಮದಿಂದ ಬಂದ ನಾನು ಇಂಗ್ಲಿಷ್ ಪಠ್ಯಗಳೆದುರು ಕುಳಿತಾಗಲೆಲ್ಲ ಆ ನಿಘಂಟು ಮೇಜಿನ ಮೇಲಿದೆ.

ಇನ್ನು ಮಲಾವಿಯ ವಿಷಯ. ನನ್ನ ಸಹಪಾಠಿಯೊಬ್ಬಳ ಸೋದರಮಾವ ಬ್ಲಾಂಟೈರ್‌ನಲ್ಲಿ ಗುಜರಾತಿ ವ್ಯಾಪಾರಿಯೊಬ್ಬರ ಮಳಿಗೆಯ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಅವರು ಮನೆಗೆ ಬಂದಾಗ ಹೇಳಿದ ಮಾತುಗಳಿಂದ ಈ ಕೆಲಸ ಹುಟ್ಟಿತು. ಮಲಾವಿಗೆ ಕಡಲಿಲ್ಲ, ಆದರೆ ನಮ್ಮ ಕರ್ನಾಟಕದ ಇಡೀ ಕರಾವಳಿಗಿಂತ ಉದ್ದವಾದ ಒಂದು ಸರೋವರವಿದೆ. ಅದರ ದಡದ ಊರುಗಳಲ್ಲಿ ನಮ್ಮ ಹರಿಕಂತ್ರರ, ಖಾರ್ವಿಗಳ ಕೇರಿಗಳಂತೆಯೇ ದೋಣಿ, ಬಲೆ, ಒಣಮೀನಿನ ಬದುಕು. ಅಲ್ಲಿಯ ಬಹುಜನರ ಮಾತು ಚಿಚೆವಾ. ಅದರಲ್ಲಿ ಪುಸ್ತಕಕ್ಕೆ ‘ಬುಕು’ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ‘ಬುಕ್ಕು’ ಎನ್ನುವುದಿಲ್ಲವೇ, ಹಾಗೆಯೇ.

1994ರಲ್ಲಿ ಆ ದೇಶ ಪ್ರಾಥಮಿಕ ಶಾಲೆಯ ಶುಲ್ಕವನ್ನು ತೆಗೆದುಹಾಕಿತು. ಸುಮಾರು 19 ಲಕ್ಷವಿದ್ದ ಮಕ್ಕಳ ಸಂಖ್ಯೆ ಒಮ್ಮೆಗೇ 30 ಲಕ್ಷದ ಹತ್ತಿರಕ್ಕೆ ಏರಿತು. ಬಡತನದ ದೇಶವೊಂದು ಎಲ್ಲ ಮಕ್ಕಳಿಗೂ ಬಾಗಿಲು ತೆರೆದದ್ದು ದೊಡ್ಡ ಸಂಗತಿ, ನಾವು ತಲೆಬಾಗಬೇಕಾದ ಸಂಗತಿ. ಆದರೆ ಅಷ್ಟು ಮಕ್ಕಳಿಗೆ ಕೋಣೆ, ಶಿಕ್ಷಕರು, ಪುಸ್ತಕ ಒಂದೇ ಸಲಕ್ಕೆ ಎಲ್ಲಿಂದ ಬರಬೇಕು? ಇಂದಿಗೂ ಅಲ್ಲಿ ಮರದ ನೆರಳಿನಲ್ಲಿ ನಡೆಯುವ ತರಗತಿಗಳಿವೆ. ಒಂದು ಪಠ್ಯಪುಸ್ತಕದ ಸುತ್ತ ಹಲವು ಮಕ್ಕಳು ತಲೆ ಸೇರಿಸಿ ಕುಳಿತುಕೊಳ್ಳುತ್ತಾರೆ.

ಅದರ ಮೇಲೆ 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಬಂತು. ಆಸ್ಟ್ರೇಲಿಯದ ಬದಿಯಲ್ಲಿ ಹುಟ್ಟಿ ಇಡೀ ಹಿಂದೂ ಮಹಾಸಾಗರವನ್ನು ದಾಟಿ, ಐದು ವಾರಕ್ಕೂ ಹೆಚ್ಚು ಕಾಲ ಬದುಕಿದ ಚಂಡಮಾರುತ ಅದು. ಬ್ಲಾಂಟೈರ್‌ನ ಚಿಲೋಬ್ವೆ ಎಂಬಲ್ಲಿ ರಾತ್ರಿ ಗುಡ್ಡ ಜಾರಿ ಮನೆಗಳ ಮೇಲೆ ಬಿತ್ತು. ದಕ್ಷಿಣ ಮಲಾವಿಯಲ್ಲಿ ನೂರಾರು ಜನ ಸತ್ತರು. ಶಾಲೆಗಳೇ ನಿರಾಶ್ರಿತರ ಶಿಬಿರಗಳಾದವು. 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ, ಚಹಾ ಅಂಗಡಿಯನ್ನೂ, ಗಂಗಾವಳಿಯ ಆಚೆ ದಡದ ಮನೆಗಳನ್ನೂ ಕೊಂಡೊಯ್ದಾಗ ಆ ಮಾವ ಬ್ಲಾಂಟೈರ್‌ನಿಂದ ಫೋನ್ ಮಾಡಿ, ಇದೇ ಮಣ್ಣು, ಇದೇ ಕೂಗು, ನಾನು ಇಲ್ಲಿಯೂ ಕೇಳಿದ್ದೆ ಎಂದರು. ನಾನು ಆ ಮಕ್ಕಳನ್ನು ಕಂಡಿಲ್ಲ. ಆದರೆ ಅವರ ಪಾಟೀಚೀಲ ಹೇಗಿದ್ದಿತು ಎಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಕಳೆದ ವರ್ಷ ನಾವು ಆರಿಸಿ ಕಳುಹಿಸಿದ ಪೆಟ್ಟಿಗೆಗಳು ತಲುಪಿದ ಮೇಲೆ ಅಲ್ಲಿಯ ಶಿಕ್ಷಕಿಯೊಬ್ಬರು ದೀರ್ಘವಾದ ಕಾಗದ ಬರೆದರು. ಅದು ಬರಿಯ ಧನ್ಯವಾದದ ಕಾಗದವಾಗಿರಲಿಲ್ಲ, ಅದಕ್ಕಾಗಿಯೇ ನನಗೆ ಅವರ ಮೇಲೆ ಗೌರವ ಹೆಚ್ಚಿತು. ಅವರು ಹೇಳಿದ ಒಂದು ಮಾತು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ನಾವು ಇನ್ನೂರು ಬೇರೆ ಬೇರೆ ಪುಸ್ತಕ ಕಳುಹಿಸಿ, ಎಷ್ಟು ವೈವಿಧ್ಯ ಎಂದು ಹಿಗ್ಗಿದ್ದೆವು. ಅವರಿಗೆ ಬೇಕಾಗಿದ್ದುದು ಒಂದೇ ಪುಸ್ತಕದ ಮೂವತ್ತು, ನಲವತ್ತು ಪ್ರತಿಗಳು. ದೊಡ್ಡ ತರಗತಿಯಲ್ಲಿ ಒಂದೊಂದೇ ಪ್ರತಿಯಿರುವ ಪುಸ್ತಕಗಳು ಬೀರು ಸೇರುತ್ತವೆ, ಚುರುಕಾದ ನಾಲ್ಕು ಮಕ್ಕಳು ಮಾತ್ರ ಅವುಗಳನ್ನು ಮುಟ್ಟುತ್ತಾರೆ. ಇಬ್ಬರಿಗೊಂದರಂತೆ ಒಂದೇ ಕಥೆಯ ಪ್ರತಿಗಳಿದ್ದರೆ ಇಡೀ ತರಗತಿ ಒಟ್ಟಿಗೆ ಬೆರಳಿಟ್ಟು ಓದುತ್ತದೆ, ಹಿಂದುಳಿದವನೂ ಪಕ್ಕದವನ ದನಿ ಹಿಡಿದು ಮುಂದೆ ಹೋಗುತ್ತಾನೆ. ಭಾರತದ ಪಠ್ಯಪುಸ್ತಕ ಬೇಡ ಎಂದೂ ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಅವರ ಪ್ರಾಥಮಿಕ ಶಿಕ್ಷಣ ಎಂಟು ವರ್ಷದ್ದು, ಪಠ್ಯಕ್ರಮ ಬೇರೆ. ಮೇಲಿನ ತರಗತಿಗಳ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮನೆಮಾತು ಚಿಚೆವಾ ಆಗಿರುವ ಮಗು ಅಲ್ಲಿ ಎಡವುತ್ತದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಕಾಲೇಜು ಮೆಟ್ಟಿಲಲ್ಲಿ ಎಡವುವುದಕ್ಕಿಂತ ಎಷ್ಟೋ ವರ್ಷ ಮೊದಲೇ.

ಆದ್ದರಿಂದ ಈ ಸಲ ನಮ್ಮ ಕೋರಿಕೆ ಚಿಕ್ಕದು. ಸರಳ ಇಂಗ್ಲಿಷಿನ, ಚಿತ್ರಗಳಿರುವ ಕಥೆಪುಸ್ತಕಗಳು. ಚಿಕ್ಕ ನಿಘಂಟುಗಳು. ಭೂಪಟದ ಪುಸ್ತಕಗಳು. ಪ್ರಾಣಿ, ಗಿಡ, ಆಕಾಶ, ಮನುಷ್ಯನ ದೇಹ ಇವುಗಳನ್ನು ಚಿತ್ರದೊಡನೆ ವಿವರಿಸುವ ವಿಜ್ಞಾನದ ಪುಸ್ತಕಗಳು. ಇಷ್ಟೇ. ಮನೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿದ್ದರೆ ಇಂಥವು ಖಂಡಿತ ಇರುತ್ತವೆ. ಎಲ್ಲ ಹಾಳೆಗಳಿರಬೇಕು, ಬೆನ್ನು ಬಿಚ್ಚಿರಬಾರದು, ಬೂಷ್ಟು ಹಿಡಿದಿರಬಾರದು. ಅನುಮಾನ ಬಂದರೆ ಒಂದು ಕೆಲಸ ಮಾಡಿ: ಆ ಪುಸ್ತಕವನ್ನು ನಿಮ್ಮ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಕೊಡಬಹುದೇ ಎಂದು ಯೋಚಿಸಿ. ಕೊಡಬಹುದು ಅನ್ನಿಸಿದರೆ ನಮಗೆ ಕೊಡಿ.

ಪುಸ್ತಕವಿಲ್ಲದವರು ಒಂದು ಪುಸ್ತಕದ ಬೆಲೆ ಕೊಡಬಹುದು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿಯೂ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಪ್ರಕಟಿಸುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಿಂದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಸಾವಿರಾರು ಮಕ್ಕಳ ಕಥೆಗಳನ್ನು ಮುಕ್ತ ಪರವಾನಗಿಯಲ್ಲಿ ಇಟ್ಟಿದೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿ ಯಾರು ಬೇಕಾದರೂ ಅವುಗಳನ್ನು ಅಚ್ಚು ಹಾಕಿಸಬಹುದು. ಒಂದೇ ಕಥೆಯ ನಲವತ್ತು ಪ್ರತಿಗಳನ್ನು ನಮ್ಮ ಕಾರವಾರದ, ಶಿರಸಿಯ ಮುದ್ರಣಾಲಯದಲ್ಲಿಯೇ ಅಚ್ಚು ಹಾಕಿಸಿದರೆ ಆ ಶಿಕ್ಷಕಿ ಕೇಳಿದ್ದು ಸಿಕ್ಕಂತೆಯೇ. ಮುದ್ರಣಾಲಯದ ಮಾಲೀಕರಲ್ಲಿ ಯಾರಾದರೂ ಕಾಗದದ ಖರ್ಚಿಗಷ್ಟೇ ಮಾಡಿಕೊಡಲು ಮನಸ್ಸು ಮಾಡಿದರೆ ನಮ್ಮ ಅರ್ಧ ಹೊರೆ ಇಳಿಯುತ್ತದೆ. ಚಿಚೆವಾ ಪುಸ್ತಕಗಳ ಚಿಂತೆ ನಮಗಿಲ್ಲ. ಅವು ಅಲ್ಲಿಯ ಅಂಗಡಿಯಲ್ಲಿಯೇ ಮಾರಾಟವಾಗಬೇಕು, ಅಲ್ಲಿಯ ಪ್ರಕಾಶಕರು ಬದುಕಬೇಕು. ಅವುಗಳನ್ನು ತಾವೇ ಕೊಂಡು ಕೊಡುವುದಾಗಿ ಬ್ಲಾಂಟೈರ್‌ನ ಆ ಗುಜರಾತಿ ವ್ಯಾಪಾರಿ ಒಪ್ಪಿದ್ದಾರೆ.

‘ನಮ್ಮೂರ ಶಾಲೆಗೇ ದಿಕ್ಕಿಲ್ಲ, ಆಫ್ರಿಕಕ್ಕೆ ಏಕೆ ಹೊರಟಿರಿ’ ಎಂದು ಕಳೆದ ವರ್ಷ ಹಲವರು ಕೇಳಿದರು. ಹೊನ್ನಾವರದ ಒಬ್ಬ ಅಜ್ಜ ಬಹಳ ನೊಂದು ಕೇಳಿದರು. ಅವರ ಊರಿನ ಕನ್ನಡ ಶಾಲೆ ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದಿತ್ತು. ಅವರ ನೋವನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ನಮ್ಮ ಶಾಲೆಗಳ ಕಷ್ಟ ನಿಜ, ಅದಕ್ಕಾಗಿ ಹೋರಾಡಲೇಬೇಕು, ನಾನೂ ಇರುತ್ತೇನೆ. ಆದರೆ ಅಜ್ಜನ ಊರಿನ ಶಾಲೆಗೆ ಬೇಕಾದದ್ದು ಮಕ್ಕಳು ಮತ್ತು ಶಿಕ್ಷಕರು. ಪಠ್ಯಪುಸ್ತಕವನ್ನು ಸರಕಾರ ಉಚಿತವಾಗಿ ಕೊಡುತ್ತದೆ. ಒಬ್ಬ ಹುಡುಗಿ ಓದಿ ಮುಗಿಸಿದ ಇಂಗ್ಲಿಷ್ ಕಥೆಪುಸ್ತಕವನ್ನು ಮಲಾವಿಗೆ ಕೊಟ್ಟರೆ ಆ ಶಾಲೆಯಿಂದ ಏನನ್ನೂ ಕಿತ್ತುಕೊಂಡಂತಾಗುವುದಿಲ್ಲ. ನಿಮ್ಮಿಂದ ಬರುವ ಒಂದೇ ಒಂದು ಕನ್ನಡ ಪುಸ್ತಕವೂ ಜಿಲ್ಲೆಯಿಂದ ಹೊರಗೆ ಹೋಗುವುದಿಲ್ಲ, ಇದು ನಮ್ಮ ಮಾತು.

ಇನ್ನೊಂದನ್ನೂ ಹೇಳಬೇಕು. ಈ ಜಿಲ್ಲೆ ತಾನಾಗಿಯೇ ಅಕ್ಷರ ಕಲಿತದ್ದಲ್ಲ. ಮುಂಬೈಯಲ್ಲಿ ಕಾರ್ಮಿಕರ ನಡುವೆ ದುಡಿಯುತ್ತಿದ್ದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಊರೂರಿಗೆ ಪ್ರೌಢಶಾಲೆ ತಂದಿರದಿದ್ದರೆ ನಮ್ಮ ರೈತರ, ಮೀನುಗಾರರ, ಹಾಲಕ್ಕಿ ಒಕ್ಕಲಿಗರ ಎಷ್ಟು ಮನೆಗಳಲ್ಲಿ ಇಂದು ಪದವೀಧರರು ಇರುತ್ತಿದ್ದರು? ನನ್ನ ಅಪ್ಪ ಅಂಥದೊಂದು ಶಾಲೆಯಲ್ಲಿ ಹತ್ತನೆಯವರೆಗೆ ಓದಿದವನು. ಅವನು ಓದಿರದಿದ್ದರೆ ನೆರೆ ಬಂದ ವರ್ಷವೇ ನನ್ನ ಓದು ನಿಲ್ಲುತ್ತಿತ್ತೋ ಏನೋ.

ಸಾಗಣೆಯ ಬಗ್ಗೆ ಕೇಳುವವರಿಗಾಗಿ ಕೆಲವು ಮಾತು. ಆ ವ್ಯಾಪಾರಿ ಮುಂಬೈಯ ನ್ಹಾವಾ ಶೇವಾ ಬಂದರಿನಿಂದ ಸರಕು ತರಿಸಿಕೊಳ್ಳುತ್ತಾರೆ. ಅವರ ಕಂಟೇನರಿನ ಮೂಲೆಯಲ್ಲಿ ನಮ್ಮ ಪೆಟ್ಟಿಗೆಗಳಿಗೆ ಜಾಗ ಕೊಡುತ್ತಾರೆ. ಮೊಜಾಂಬಿಕ್ ದೇಶದ ಬೈರಾ ಅಥವಾ ನಕಾಲಾ ಬಂದರಿನಲ್ಲಿ ಇಳಿದು ಮುಂದೆ ಅದು ನೆಲದ ದಾರಿ. ಮುಂಬೈವರೆಗಿನ ಲಾರಿ ಬಾಡಿಗೆ, ಪೆಟ್ಟಿಗೆಗಳ ಖರ್ಚು, ಕಾಗದಪತ್ರದ ಖರ್ಚು ನಮ್ಮದು. ಒಂದು ನಿರುಪಯೋಗಿ ಪುಸ್ತಕವೂ ಒಳ್ಳೆಯ ಪುಸ್ತಕದಷ್ಟೇ ತೂಗುತ್ತದೆ, ಅಷ್ಟೇ ಬಾಡಿಗೆ ಕೇಳುತ್ತದೆ.

ತೇವದ ಬಗ್ಗೆ ನಾವು ಪಾಠ ಕಲಿತಿದ್ದೇವೆ. ಕಬ್ಬಿಣದ ಕಂಟೇನರು ಹಗಲು ಕಾದು ರಾತ್ರಿ ತಣಿಯುವಾಗ ಒಳಗಿನ ತೇವ ಚಾವಣಿಗೆ ಹತ್ತಿ, ಹನಿಯಾಗಿ ಕೆಳಗೆ ಬೀಳುತ್ತದೆ. ನಮ್ಮ ಮಳೆಗಾಲದ ತೇವವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪುಸ್ತಕ ವಾರಗಟ್ಟಲೆ ಅದರೊಳಗೆ ಕುಳಿತರೆ ತಲುಪುವ ಹೊತ್ತಿಗೆ ಹಸಿರು ಬೂಷ್ಟು ಹಿಡಿದಿರುತ್ತದೆ. ಹೋದ ಸಲ ಎರಡು ಪೆಟ್ಟಿಗೆ ಹೀಗೇ ಹಾಳಾದವು. ಅದಕ್ಕೆ ಕೊಡುವ ಮೊದಲು ಪುಸ್ತಕಗಳನ್ನು ಎರಡು ದಿನ ಅಡಿಕೆ ಚಪ್ಪರದ ಮೇಲೋ ಅಂಗಳದಲ್ಲೋ ಎಳೆಬಿಸಿಲಿಗೆ ನಿಲ್ಲಿಸಿ, ಹಾಳೆಗಳನ್ನು ಬಿಡಿಸಿ ಒಣಗಿಸಿ. ನುಸಿಗುಳಿಗೆ ಹಾಕಬೇಡಿ, ಮಕ್ಕಳು ಮುಟ್ಟುವ ಪುಸ್ತಕ.

ಜೋಯಿಡಾ, ದಾಂಡೇಲಿ, ಹಳಿಯಾಳಗಳಿಂದ ಎರಡು ಮೂರು ಪುಸ್ತಕಕ್ಕಾಗಿ ಕಾರವಾರದವರೆಗೆ ಬರಬೇಡಿ. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಆರಂಭಿಸಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ ದರ, ತೆರಿಗೆ ಬೇರೆ. ನಿಮ್ಮ ಕಟ್ಟು ಆ ಸೇವೆಯಲ್ಲಿ ಹೋಗುತ್ತದೆಯೇ ಎಂದು ಹತ್ತಿರದ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಶಿರಸಿ, ಸಿದ್ದಾಪುರದವರ ಬಳಿಗೆ ನಮ್ಮ ತಂಡವೇ ಬರುತ್ತದೆ.

ಅಂಚೆ ಇಲಾಖೆಯ ಹಿರಿಯ ಅಧಿಕಾರಿಗಳಲ್ಲಿಯೂ ಒಂದು ಕೋರಿಕೆ. ಒಂದೇ ವಿಳಾಸಕ್ಕೆ ಹೋಗುವ ಪುಸ್ತಕ, ನಿಯತಕಾಲಿಕಗಳಿಗೆಂದೇ ಅಂತರರಾಷ್ಟ್ರೀಯ ಅಂಚೆಯಲ್ಲಿ ‘ಎಂ–ಬ್ಯಾಗ್’ ಎಂಬ ವಿಶೇಷ ಚೀಲದ ಪದ್ಧತಿಯಿದೆ, ಒಂದು ಚೀಲದಲ್ಲಿ 30 ಕಿಲೋವರೆಗೆ. ದೇಶದೊಳಗಿನ ಪುಸ್ತಕಗಳಿಗೆ ನೀವು ತೋರಿಸಿದ ಉದಾರತೆಯನ್ನು ಹೊರದೇಶದ ಬಡ ಶಾಲೆಗಳಿಗೆ ವಿದ್ಯಾರ್ಥಿಗಳು ಕಳುಹಿಸುವ ಇಂಥ ಚೀಲಗಳಿಗೂ ವಿಸ್ತರಿಸಿ. ಎಲ್ಲರಿಗೂ ಬ್ಲಾಂಟೈರ್‌ನಲ್ಲಿ ಒಬ್ಬ ಸೋದರಮಾವ ಇರುವುದಿಲ್ಲ. ಕಾಲೇಜುಗಳ ಪ್ರಾಂಶುಪಾಲರಲ್ಲಿ ನಾವು ಹಣ ಕೇಳುತ್ತಿಲ್ಲ. ಸೋರದ ಒಂದು ಕೋಣೆ, ಎರಡು ಬೆಂಚು, ಶನಿವಾರ ಮಧ್ಯಾಹ್ನ ಬೀಗದ ಕೈ, ಇಷ್ಟು ಸಾಕು.

ಕೊನೆಯದಾಗಿ, ಪುಸ್ತಕದ ಮೊದಲ ಪುಟದ ವಿಷಯ. ಕಳೆದ ವರ್ಷ ಅನೇಕರು ಹೆಸರಿದ್ದ ಪುಟವನ್ನೇ ಹರಿದು ಕೊಟ್ಟಿದ್ದಿರಿ. ಕೆಲವರು ಹೆಸರಿನ ಮೇಲೆ ಕಾಗದ ಅಂಟಿಸಿದ್ದಿರಿ. ಫೋನ್ ನಂಬರ್, ಮನೆಯ ವಿಳಾಸ ಇದ್ದರೆ ಖಂಡಿತ ಅಳಿಸಿ. ಆದರೆ ಮಗುವಿನ ಹೆಸರು, ತರಗತಿ, ಊರು ಇದ್ದರೆ ಹಾಗೆಯೇ ಬಿಡಿ. ಇಲ್ಲದಿದ್ದರೆ ನಿಮ್ಮ ಮಗುವಿನಿಂದಲೇ ಬರೆಸಿ: ಹೆಸರು, ಓದುವ ತರಗತಿ, ಕುಮಟಾ ಅಥವಾ ಗೋಕರ್ಣ ಅಥವಾ ಬನವಾಸಿ. ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ. ಆ ಶಿಕ್ಷಕಿ ತಮ್ಮ ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದರು. ಒಂದು ಭೂಪಟದ ಪುಸ್ತಕದ ಒಳಹೊದಿಕೆಯ ಮೇಲೆ ದುಂಡುದುಂಡಾದ ಅಕ್ಷರಗಳಲ್ಲಿ ಏನೋ ಬರೆದಿದೆ, ಮಕ್ಕಳು ಅದನ್ನು ನೋಡಿ ನೋಡಿ ತಮ್ಮ ಸ್ಲೇಟಿನ ಮೇಲೆ ಬಿಡಿಸುತ್ತಿದ್ದಾರೆ, ಅದೇನೆಂದು ಹೇಳಿ ಎಂದು. ಅವರು ಜೊತೆಗಿಟ್ಟಿದ್ದ ಹಾಳೆಯಲ್ಲಿ ಒಂದು ಮಗು ಸೀಸದ ಕಡ್ಡಿಯಿಂದ ಅದನ್ನು ನಕಲು ಮಾಡಿತ್ತು. ದೀರ್ಘದ ಗುರುತು ಕೊಂಚ ಜಾರಿತ್ತು, ಆದರೂ ಓದಬಹುದಿತ್ತು: ‘ಆರನೆಯ ತರಗತಿ, ಅಂಕೋಲಾ.’

ನಿಮ್ಮವಳೇ,
ಗಂಗಾವಳಿ ದಂಡೆಯ ಒಬ್ಬ ವಿದ್ಯಾರ್ಥಿನಿ
ಕಾರವಾರ